ಬಲಗಾಲು ಕೈಕೊಟ್ಟಿತು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಅರ್ಧ ಕೇಳಿ ಎದ್ದರೆ ತಪ್ಪೆಲ್ಲ ಅಕ್ಕನದೇ ಅನ್ನಿಸುತ್ತದೆ, ಮುಕ್ಕಾಲು ಕೇಳಿ ಎದ್ದರೆ ಅವಳ ಸಾಹೇಬರದು ಅನ್ನಿಸುತ್ತದೆ. ಪೂರ್ತಿ ಕೇಳಿ, ಆಮೇಲೆ ಬಾಯಿ ಬಿಡಿ.

ಆ ದಿನ ತಂಗಿ ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದಳು. ವಿಮಾನ ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಅವಳು ಕಲಿಯುತ್ತಿದ್ದಳು, ಸಂಜೆ ಆರಕ್ಕೆ ಮುಂಚೆ ಬಂದವಳೇ ಅಲ್ಲ. ಬಂದವಳು ಬೂಟು ಬಿಚ್ಚಿ ಬಾಗಿಲ ಹಿಂದಕ್ಕೆ ಎಸೆದಳು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅಕ್ಕ ತಲೆಯೆತ್ತಿದಳು.

"ಏನಾಯ್ತೇ?"

"ಒಬ್ಳೇ ಹಾರೋಕೆ ಬಿಡಲ್ವಂತೆ."

ಒಬ್ಬಳೇ ಹಾರಲು ಬಿಡುವ ಮುಂಚಿನ ಪರೀಕ್ಷೆ ಅಂದು. ಒಂದೇ ಎಂಜಿನ್ನಿನ ಸಣ್ಣ ವಿಮಾನಕ್ಕೆ ಪೂರ್ತಿ ವೇಗ ಕೊಟ್ಟ ಕೂಡಲೇ ಅದು ಎಡಕ್ಕೆ ಎಳೆಯುತ್ತದೆ, ಬಲಗಾಲಿನ ಪೆಡಲ್ ಒತ್ತಿ ನೇರ ಹಿಡಿಯಬೇಕು. ಕಲಿಯುವವರ ಮೊದಲನೇ ಪಾಠ ಅದು. ತಂಗಿಯ ಬಲಗಾಲು ಅಲುಗಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಮೇಷ್ಟ್ರು ತಮ್ಮ ಪೆಡಲ್ ತುಳಿಯುವ ಹೊತ್ತಿಗೆ ಎಡಗಡೆಯ ಚಕ್ರ ಹುಲ್ಲಿಗೆ ಇಳಿದಾಗಿತ್ತು.

"ಕಾಲು ಮನೇಲಿ ಬಿಟ್ಟು ಬಂದಿದೀಯಾ ಅಂತ ಕೇಳಿದ್ರು, ಎಲ್ರೆದುರಿಗೆ. ಶನಿವಾರ ಇನ್ನೊಂದ್ಸಲ ನೋಡ್ತಾರಂತೆ. ಆಗ್ಲೂ ಹಿಂಗೇ ಆದ್ರೆ ಮುಗೀತು." ತಂಗಿ ಅಕ್ಕನ ಮುಂದೆ ಬಂದು ನಿಂತಳು. "ಶಾಲೆ ವಿಮಾನ ರಿಪೇರಿಗೆ ನಿಂತಿತ್ತು ಅಂತ ಮೂರು ವಾರ ನಿನ್ ಪ್ರೋಗ್ರಾಮಲ್ಲೇ ಅಭ್ಯಾಸ ಮಾಡಿದ್ನಲ್ಲ. ಅದು ಒಂದ್ಸಲಾನೂ ಎಡಕ್ಕೆ ಎಳೀಲಿಲ್ಲ ಅಕ್ಕ."

ಅಕ್ಕನಿಗೆ ಚುರುಕ್ ಎಂದಿತು. ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ತಯಾರಿಸುವ ಕಂಪನಿಯಲ್ಲಿ ಅವಳಿಗೆ ಕೆಲಸ. ಕಾಲು ಒತ್ತಿದರೆ ವಿಮಾನ ಹೇಗೆ ತಿರುಗಬೇಕು ಅನ್ನುವ ಭಾಗವೆಲ್ಲ ಅವಳೇ ಬರೆದದ್ದು. ಆಫೀಸಿನಲ್ಲಿ ಎಲ್ಲರೂ ಪೆಡಲಮ್ಮ ಎಂದು ಕರೆದು ಕಾಲೆಳೆಯುತ್ತಿದ್ದರು.

"ಎಳೆಯತ್ತೆ ಕಣೇ. ನೀನು ಸರಿಯಾಗಿ ನೋಡಿಲ್ಲ."

"ಹಂಗಾದ್ರೆ ಬಾ, ನೀನೇ ಕೂತು ತೋರ್ಸು."

ತಂಗಿಯ ಮೇಜಿನ ಕೆಳಗೆ ಹಲಗೆಗೆ ಬಿಗಿದ ಪೆಡಲುಗಳಿದ್ದವು. ಅಕ್ಕ ಕೂತು ವೇಗ ಕೊಟ್ಟಳು. ವಿಮಾನ ನೇರ ಓಡಿತು. ನಿಲ್ಲಿಸಿ, ಬಲಗಾಲು ತೆಗೆದು ಓಡಿಸಿದಳು. ಆಗಲೂ ನೇರ. ಕೊನೆಗೆ ಎರಡೂ ಕಾಲನ್ನು ಕುರ್ಚಿಯ ಮೇಲೆ ಮಡಚಿಕೊಂಡು ಕೂತಳು. ಹಳಿ ಮೇಲಿನ ರೈಲಿನ ಹಾಗೆ ವಿಮಾನ ನಡುಗೆರೆ ಬಿಡದೆ ಓಡಿ ಮೇಲಕ್ಕೆದ್ದಿತು.

"ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ರೂ ಹಾರತ್ತೆ ನಿನ್ ವಿಮಾನ," ಎಂದಳು ತಂಗಿ. "ಕೈಯಲ್ಲೊಂದು ಪುಸ್ತಕಾನೂ ಹಿಡ್ಕೋಬಹುದು."

ಅಕ್ಕ ಪ್ರೋಗ್ರಾಮಿನ ಒಳಗಿನ ಕೋಡ್ ತೆರೆದಳು. ಹತ್ತೇ ನಿಮಿಷಕ್ಕೆ ಸಿಕ್ಕಿತು. ಪೆಡಲ್ ಇಲ್ಲದೆ ಬರೀ ಗೇಮ್‌ಪ್ಯಾಡ್ ಹಿಡಿದು ಆಡುವವರಿಗಾಗಿ ಒಂದು ಸಹಾಯ ಇತ್ತು, ಗುಂಡಿ ಒತ್ತಿ ಚಾಲೂ ಮಾಡಿಕೊಂಡರೆ ಅವರ ಬದಲು ಪ್ರೋಗ್ರಾಮೇ ಬಲಗಾಲು ಒತ್ತುತ್ತಿತ್ತು. ಪೆಡಲ್ ಜೋಡಿಸಿದರೆ ಅದು ತಾನಾಗಿ ಆರಿಹೋಗಬೇಕು ಎಂದು ಅವಳೇ ಒಂದು ಷರತ್ತು ಹಾಕಿದ್ದಳು. ಮೂರು ವಾರದ ಹಿಂದಿನ ಅಪ್‌ಡೇಟಿನಲ್ಲಿ ಯಾರೋ ಆ ಷರತ್ತನ್ನು ಕಿತ್ತುಹಾಕಿ, ಸಹಾಯವನ್ನು ಎಲ್ಲರಿಗೂ ಚಾಲೂ ಮಾಡಿಬಿಟ್ಟಿದ್ದರು. ಅವಳ ಭಾಗಕ್ಕೆ ಕೈ ಹಾಕಿ, ಅವಳನ್ನೊಂದು ಮಾತೂ ಕೇಳದೆ. ಸಿಟ್ಟು ನೆತ್ತಿಗೇರಿತು.

"ಯಾಕ್ರೇ ಗಲಾಟೆ?" ಹಾಲಿನಿಂದ ಅಮ್ಮ ಕೂಗಿದಳು. "ಸುಮ್ನಿರಿ, ನಾನೀಗ ಇಳಿಸ್ತಾ ಇದೀನಿ."

ಅಮ್ಮನೂ ಅದೇ ಸಿಮ್ಯುಲೇಟರ್ ಆಡುತ್ತಿದ್ದಳು, ಟಿವಿ ಮುಂದೆ ಗೇಮ್‌ಪ್ಯಾಡ್ ಹಿಡಿದು. ಮೊದಲ ನಾಲ್ಕು ತಿಂಗಳು ಓಡಿಸಿದ್ದೆಲ್ಲ ಹುಲ್ಲಿಗೆ, ಯಾಕೆಂದರೆ ಆ ಸಹಾಯದ ಗುಂಡಿ ಎಲ್ಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಮೂರು ವಾರದಿಂದ ಮಾತ್ರ ಜುಮ್ಮೆಂದು ಎದ್ದು, ಸಮುದ್ರದ ಮೇಲೆಲ್ಲ ಸುತ್ತಿ ಬಂದು, ಪಕ್ಕದ ಮನೆಯವರಿಗೆ ಹೇಳಿಕೊಳ್ಳುತ್ತಿದ್ದಳು. ಈಗ ಚಕ್ರ ನೆಲ ಮುಟ್ಟಿತು. ಅಕ್ಕ ಹಾಲಿಗೆ ಬಂದು ನಿಂತು ಚಪ್ಪಾಳೆ ತಟ್ಟಿದಳು. ಬೇರೇನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೇ ಸಾಹೇಬರ ಕೋಣೆಗೆ ನುಗ್ಗಿದಳು. ಯಾರು ಏನೇ ಹೇಳಲಿ, ಬ್ಯಾಲೆನ್ಸ್ ಮಾಡಬೇಕು ಎನ್ನುವ ಸಾಹೇಬರು ಅವರು. ಅವರ ಬೆನ್ನ ಹಿಂದಿನ ಹೆಸರೂ ಬ್ಯಾಲೆನ್ಸ್ ಸಾರ್.

"ನನ್ನ ಷರತ್ತು ತೆಗೆದದ್ದು ಯಾರು ಸಾರ್?"

"ನಾನೇ ತೆಗೆಸಿದ್ದು. ಕೂತ್ಕೋ. ಹಳೇ ಪೆಡಲ್ ಇರೋರಿಗೆ ಜೋಡಣೆ ಆಗಾಗ ತಪ್ಪಿ ಆ ಸಹಾಯ ಒಂದ್ಸಲ ಬರ್ತಿತ್ತು, ಒಂದ್ಸಲ ಹೋಗ್ತಿತ್ತು. ದಿನಕ್ಕೆ ನಲವತ್ತು ದೂರು. ಎಲ್ಲರಿಗೂ ಚಾಲೂ ಮಾಡಿದ್ವಿ. ದೂರು ನಿಂತ್ವು."

"ದೂರು ನಿಂತ್ವು. ನನ್ ತಂಗಿ ಕಾಲೂ ನಿಂತು ಹೋಯ್ತು." ನಡೆದದ್ದನ್ನೆಲ್ಲ ಹೇಳಿದಳು. ನಿಂತೇ ಹೇಳಿದಳು.

ಸಾಹೇಬರು ಕನ್ನಡಕ ತೆಗೆದರು. "ಪಾಪ, ಹಂಗಾಗ್ಬಾರದಿತ್ತು. ಆದ್ರೆ ನೂರರಲ್ಲಿ ತೊಂಬತ್ತು ಜನರ ಹತ್ರ ಪೆಡಲೇ ಇಲ್ಲ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ನಮ್ ಬಳಕೆದಾರರು ಹಂಗೆ. ನಡುವೆ ನಾನು. ಕಲಿಯೋರು ಶಾಲೆಗೆ ಹೋಗ್ಲಿ. ಇದು ಆಟ."

"ಕಲಿಯುವವರಿಗೂ ಅಂತ ಡಬ್ಬದ ಮೇಲೆ ದೊಡ್ಡಕ್ಕೆ ಬರೆದಿದೀವಲ್ಲ, ಅದೂ ಆಟಕ್ಕಾ?"

ಸಾಹೇಬರು ಕನ್ನಡಕದ ಗಾಜು ಒರೆಸತೊಡಗಿದರು.

"ಸಹಾಯ ತೆಗೀರಿ ಅಂತ ನಾನು ಹೇಳ್ತಿಲ್ಲ ಸಾರ್. ನಮ್ಮಮ್ಮ ಹಾರಿಸ್ತಿರೋದೇ ಅದರಿಂದ. ಸಹಾಯ ಮಾಡ್ತಾ ಇದೀವಿ ಅಂತ ತೆರೆ ಮೇಲೆ ಒಂದೇ ಒಂದು ಸಾಲು ಹಾಕಿ. ಬೇಡದವರು ಬಂದ್ ಮಾಡ್ಕೋತಾರೆ."

"ಅದೊಂದು ಮಾತ್ರ ಆಗಲ್ಲ. ನಾನೇ ಹಾರಿಸ್ದೆ ಅನ್ನೋ ಖುಷಿಗೇ ಕಣಮ್ಮ ಜನ ಬರೋದು." ಅವರು ಕನ್ನಡಕ ಹಾಕಿಕೊಂಡರು. "ನೀನು ಹೋಗಿ ನಿಮ್ಮಮ್ಮಂಗೆ ಹೇಳ್ತೀಯಾ, ಅದು ನೀನಲ್ಲ ಅಂತ?"

ಅಕ್ಕ ಬಾಗಿಲು ದಡಾರನೆ ಎಳೆದುಕೊಂಡು ಹೊರಬಿದ್ದಳು. ಹಿಂದಿನ ದಿನದ ಚಪ್ಪಾಳೆ ನೆನಪಾಗಿ ಉರಿ ಇನ್ನಷ್ಟು ಹತ್ತಿತು.

ತಂಗಿಯ ಕಂಪ್ಯೂಟರಿನಲ್ಲಿ ಸಹಾಯವನ್ನು ಅವಳು ಹಿಂದಿನ ದಿನವೇ ಬಂದ್ ಮಾಡಿದ್ದಳು. ಆದರೆ ತಂಗಿಯ ಬ್ಯಾಚಿನಲ್ಲೇ ಇನ್ನೂ ನಾಲ್ಕು ಜನ ಇದರಲ್ಲೇ ಅಭ್ಯಾಸ ಮಾಡುವವರು. ಪೆಡಲಮ್ಮ ಅಕ್ಕ ಇಲ್ಲದ ತಂಗಿಯರು ಊರೂರಲ್ಲಿ ಎಷ್ಟು ಜನವೋ. ವಾರದ ಅಪ್‌ಡೇಟು ಅಂದೇ ಸಂಜೆ ನಾಲ್ಕಕ್ಕೆ ಹೋಗುವುದಿತ್ತು. ಮೂರೂ ಮುಕ್ಕಾಲಿಗೆ ಅಕ್ಕ ತನ್ನ ಭಾಗದಲ್ಲಿ, ತೆರೆ ಮೇಲೆ ಕಾಣುವ ಹಾಗೆ ಒಂದು ಸಾಲು ಸೇರಿಸಿದಳು: "ಬಲಗಾಲಿನ ಕೆಲಸವನ್ನು ಈಗ ಪ್ರೋಗ್ರಾಮ್ ಮಾಡುತ್ತಿದೆ." ಯಾರನ್ನೂ ಕೇಳಲಿಲ್ಲ. ಅವಳನ್ನು ಯಾರು ಕೇಳಿದ್ದರು?

ಏಳಕ್ಕೆ ಮನೆಗೆ ಬಂದರೆ ಟಿವಿ ಆರಿತ್ತು. ಅಮ್ಮ ಗೇಮ್‌ಪ್ಯಾಡ್ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನಾನು ಹಾರಿಸ್ತಿರ್ಲಿಲ್ವಂತೆ."

"ಅಮ್ಮ, ಎದ್ದ ಮೇಲೆ ಎಲ್ಲಾ ನೀನೇ. ನೆಲದ ಮೇಲೆ ಓಡುವಾಗ ಮಾತ್ರ..."

"ನಿಂಗೆ ಯಾವಾಗಿಂದ ಗೊತ್ತು?"

"ನಿನ್ನೆ ಗೊತ್ತಾಯ್ತು."

"ನಿನ್ನೆ ಚಪ್ಪಾಳೆ ಹೊಡೆದ್ಯಲ್ಲೇ."

ಅಕ್ಕ ಹೆಗಲಿನ ಚೀಲ ಕೆಳಗಿಟ್ಟಳು.

"ನಿಂಗೆ ಸೈಕಲ್ ಕಲ್ಸುವಾಗ ಹಿಡ್ಕೊಂಡಿದೀನಿ ಅಂತ ಹೇಳಿ ಬಿಟ್ಟಿದ್ದೆ ನಾನು. ನೀನು ಬಿದ್ದೆ, ಮೊಣಕಾಲು ತರಚ್ಕೊಂಡೆ, ಕಲಿತೆ. ನೀವೆಲ್ಲ ಸೇರ್ಕೊಂಡು, ಬಿಟ್ಟಿದೀವಿ ಅಂತ ಹೇಳಿ ಹಿಂದಿನಿಂದ ಹಿಡ್ಕೊಂಡಿದ್ರಲ್ಲ. ನಾನೇನು ಪಾಪುವೇನೇ?" ಅಮ್ಮ ಎದ್ದು ಗೇಮ್‌ಪ್ಯಾಡನ್ನು ಕಪಾಟಿನ ಮೇಲಿನ ಅರೆಗೆ ಎತ್ತಿಟ್ಟಳು. "ಆ ಸಾಲು ತೆಗೀಬೇಡ. ಇದನ್ನ ಮಾತ್ರ ನಾನಿನ್ನು ಮುಟ್ಟಲ್ಲ."

ಒಳಗಿನ ಕೋಣೆಯಿಂದ ಪೆಡಲ್ ತುಳಿಯುವ ಸದ್ದು ಬರುತ್ತಿತ್ತು. ತುಳಿತ, ಬೈಗುಳ, ಮತ್ತೆ ತುಳಿತ. ತಂಗಿ ಹುಲ್ಲಿಗೆ ಬಿದ್ದು ಬಿದ್ದು ಏಳುತ್ತಿದ್ದಳು.

ಅಕ್ಕನ ಫೋನು ಮಿಣುಗಿತು. ಬ್ಯಾಲೆನ್ಸ್ ಸಾರ್. "ಮುನ್ನೂರು ದೂರು ಬಂದಿದೆ. ನಾಳೆ ಹತ್ತರೊಳಗೆ ಆ ಸಾಲು ತೆಗಿ. ಆಗಲ್ಲ ಅಂದ್ರೆ ಪೆಡಲ್ ಭಾಗ ಬೇರೆಯವರಿಗೆ ಬಿಟ್ಕೊಡು."

ಸಾಲು ತೆಗೆದರೆ ಪೆಡಲ್ ಅವಳದೇ ಉಳಿಯುತ್ತದೆ. ಮುಂದೆಂದಾದರೂ ಇನ್ನೊಂದು ದಾರಿ ಹುಡುಕಬಹುದು. ಬಿಟ್ಟುಕೊಟ್ಟರೆ, ಬಂದವನು ಮೊದಲು ಅಳಿಸುವುದು ಅದೇ ಸಾಲನ್ನು. ಇದೆಲ್ಲ ಅವಳಿಗೆ ಗೊತ್ತಿತ್ತು. ಆದರೂ ನಿಂತಲ್ಲೇ ಒತ್ತಿದಳು: "ನಾನು ತೆಗೆಯಲ್ಲ. ತೆಗೆಯೋರಿಗೇ ಪೆಡಲ್ ಕೊಡಿ." ಕಳಿಸಿಯೇ ಬಿಟ್ಟಳು.

ಪೂರ್ತಿ ಕೇಳಿದಿರಲ್ಲ, ಈಗ ಹೇಳಿ. ಅವಳ ಜಾಗದಲ್ಲಿ ನೀವಿದ್ದರೆ ಸಾಲು ಅಳಿಸಿ ಪೆಡಲ್ ಉಳಿಸಿಕೊಳ್ಳುತ್ತಿದ್ದಿರಾ, ಇಲ್ಲ ಅವಳ ಹಾಗೆಯೇ ಮಾಡುತ್ತಿದ್ದಿರಾ?