ಕೋಟಿನೊಳಗೆ ಹೊಲಿದ ದುಡ್ಡು

ಟೈಲರಮ್ಮನ ಹೊಲಿಗೆ ಬಿಚ್ಚಿಕೊಂಡಿತು ಅಂದವರು ಆ ಬೀದಿಯಲ್ಲಿ ಯಾರೂ ಇಲ್ಲ. ಆ ಹೆಮ್ಮೆಯೇ ಆಕೆಯ ಬುದ್ಧಿ ಕೆಡಿಸಿತ್ತು. ಪರದೇಶದಲ್ಲಿದ್ದ ಮಗಳಿಗೆ ದಿನ ತುಂಬಿತ್ತು. ಅಳಿಯ ಹಡಗಿನ ಕೆಲಸದವನು, ನಡುಗಡಲಿನಲ್ಲಿದ್ದ. ಹೆರಿಗೆಗೆ ಜೊತೆ ನಿಲ್ಲಲು ಇದ್ದವಳು ತಾಯಿಯೊಬ್ಬಳೇ. ವಿಮಾನಕ್ಕೆ ನಾಲ್ಕು ದಿನ ಇರುವಾಗ ಟೈಲರಮ್ಮ ಕೂಡಿಟ್ಟದ್ದನ್ನೆಲ್ಲ ಆ ದೇಶದ ನೋಟಾಗಿ ಬದಲಿಸಿ, ಕೋಟಿನ ಲೈನಿಂಗಿನೊಳಗೆ ಎರಡೆಳೆ ದಾರದಲ್ಲಿ ಹೊಲಿದುಬಿಟ್ಟಳು.

"ನೋಡೇ, ಯಾವ ಕಳ್ಳನಪ್ಪ ಬಂದ್ರೂ ಬಿಚ್ಚೋಕಾಗಲ್ಲ!"

ಸೊಸೆ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. "ಸರಿ ಅತ್ತೆ. ಅಲ್ಲಿ ಟ್ಯಾಕ್ಸಿಯಿಂದ ಇಳಿದ್ರಿ ಅಂದ್ಕೊಳ್ಳಿ, ಡ್ರೈವರ್ ಬಾಡಿಗೆ ಕೇಳ್ತಿದಾನೆ. ಕೊಡಿ ನೋಡೋಣ."

"ಕತ್ತರಿ ಕೊಡು."

"ಕೈಚೀಲದಲ್ಲಿ ಕತ್ತರಿ ಇದ್ರೆ ವಿಮಾನದೊಳಗೆ ಬಿಡಲ್ಲ."

ಟೈಲರಮ್ಮ ಉಗುರು ಹಾಕಿದಳು, ಹಲ್ಲು ಹಾಕಿದಳು. ಜಪ್ಪಯ್ಯ ಅಂದರೂ ದಾರ ಬಿಚ್ಚಲಿಲ್ಲ. ತನ್ನ ಹೊಲಿಗೆಯನ್ನು ತಾನೇ ಬೈದುಕೊಂಡದ್ದು ಅದೇ ಮೊದಲು.

"ಮತ್ತೇನು ಮಾಡ್ಲಿ, ಹೇಳು!"

"ಎಲ್ಲಾ ಒಂದೇ ಕಡೆ ಇಡಬೇಡಿ. ಎರಡು ದಿನದ ಖರ್ಚಿಗಾಗೋಷ್ಟು ನೋಟು ಪರ್ಸಲ್ಲಿರಲಿ. ಉಳಿದಿದ್ದನ್ನ ಫಾರೆಕ್ಸ್ ಕಾರ್ಡಿಗೆ ತುಂಬಿಸೋಣ, ಆ ದೇಶದ ದುಡ್ಡೇ ಅದರಲ್ಲಿರುತ್ತೆ. ನಿಮ್ಮ ಖಾತೆಗೂ ಸ್ವಲ್ಪ ಹಾಕಿ, ಆ ಬ್ಯಾಂಕ್ ಕಾರ್ಡೂ ಅಲ್ಲಿ ನಡೆಯೋ ಹಾಗೆ ಮಾಡಿಸಿ, ಕೋಟಿನ ಒಳಜೇಬಲ್ಲಿ ಇಟ್ಕೊಳ್ಳಿ."

"ಆ ಪ್ಲಾಸ್ಟಿಕ್ ಚೂರು ಕಳೆದ್ರೆ?"

"ಬ್ಯಾಂಕಿಗೆ ಫೋನ್ ಮಾಡಿದ್ರೆ ಕಾರ್ಡ್ ನಿಲ್ಲಿಸ್ತಾರೆ. ಕೋಟು ಕಳೆದ್ರೆ ಯಾರಿಗೆ ಫೋನ್ ಮಾಡ್ತೀರಿ?"

ಮಾತು ನಿಜವಾಗಿತ್ತು. ಆದರೆ ಸೊಸೆ ಹೇಳಿದ ಮಾತು ನೋಡಿ, ಗೊಣಗುತ್ತಲೇ ಕತ್ತರಿ ತಂದಳು. ಕೊನೆಗೆ ಟೈಲರಮ್ಮ ಹೊಲಿಗೆ ಬಿಚ್ಚಿ, ಸೊಸೆ ಹೇಳಿದಂತೆ ದುಡ್ಡು ಹಂಚಿದಳು. ಬ್ಯಾಂಕಿನ ಸಹಾಯವಾಣಿ ನಂಬರನ್ನು ಮಾತ್ರ ಕೆಂಪು ದಾರದಲ್ಲಿ ತೋಳಿನ ಒಳಮಡಿಕೆಗೆ ಹೊಲಿದಳು.

"ಕಾರ್ಡಿನ ಪಿನ್ ನಂಬರೂ ಹೊಲಿದುಬಿಡ್ಲಾ?"

"ಅಯ್ಯೋ ಅತ್ತೆ! ಅದು ನಿಮ್ಮ ತಲೇಲಿ ಮಾತ್ರ ಇರಲಿ!"

ಪರದೇಶದಲ್ಲಿ ಇಳಿದು ರೈಲು ಹತ್ತಿದಾಗಲೇ ಸುದ್ದಿ ಬಂತು: ಮಗಳಿಗೆ ನೋವು ಶುರುವಾಗಿದೆ. ಆ ಗಡಿಬಿಡಿಯಲ್ಲಿ ಟೈಲರಮ್ಮ ಪರ್ಸನ್ನು ಸೀಟಿನ ಮೇಲೇ ಬಿಟ್ಟು ಇಳಿದಳು. ನೋಟು, ಫಾರೆಕ್ಸ್ ಕಾರ್ಡು, ಫೋನು ಎಲ್ಲ ರೈಲಿನ ಜೊತೆ ಹೊರಟೇಹೋಯಿತು. ಆಸ್ಪತ್ರೆ ಊರಿನ ಆ ತುದಿಯಲ್ಲಿ. ಟೈಲರಮ್ಮ ಕೂಗುತ್ತಾ ರೈಲಿನ ಹಿಂದೆ ನಾಲ್ಕು ಹೆಜ್ಜೆ ಓಡಿದಳು.

ಆಮೇಲೆ ತೋಳು ನೆನಪಾಯಿತು. ಟಿಕೆಟ್ ಕೌಂಟರಿನ ಹೆಂಗಸಿನ ಮುಂದೆ ಮಡಿಕೆ ಬಿಡಿಸಿ ನಂಬರು ತೋರಿಸಿದಳು. ಟೈಲರಮ್ಮನ ಭಾಷೆ ಬಾರದಿದ್ದರೂ ಕೌಂಟರಿನವಳಿಗೆ ಅರ್ಥವಾಯಿತು, ಫೋನು ಹಚ್ಚಿಕೊಟ್ಟಳು. ಕಳೆದ ಕಾರ್ಡನ್ನು ಬ್ಯಾಂಕಿನವರು ನಿಲ್ಲಿಸಿದರು, ಅದರೊಳಗಿನ ದುಡ್ಡು ಉಳಿಯಿತು. ಟೈಲರಮ್ಮ ಒಳಜೇಬಿನ ಕಾರ್ಡು ಹಿಡಿದು ಎಟಿಎಮ್ಮಿಗೆ ಹೋದಳು, ಪಿನ್ ಒತ್ತಿದಳು. ಗರಗರನೆ ನೋಟು ಬಂದಾಗ ಸ್ಟೇಷನ್ನಿನಲ್ಲೇ ಕುಣಿಯುವಷ್ಟು ಖುಷಿ!

ಟ್ಯಾಕ್ಸಿ ಹಿಡಿದ ಅರ್ಧ ಗಂಟೆಯಲ್ಲಿ ಮಗಳ ಕೈ ಆಕೆಯ ಕೈಯಲ್ಲಿತ್ತು. ಸಂಜೆ ಮಗಳ ಫೋನಿನಿಂದ ಮನೆಗೆ ಕರೆ ಹೋಯಿತು.

"ಹೆಣ್ಣು ಮಗು ಕಣೇ! ಇಬ್ರೂ ಚೆನ್ನಾಗಿದಾರೆ! ನಾನು ಸರಿಯಾದ ಹೊತ್ತಿಗೆ ಬಂದಿದ್ದು ನಿನ್ನಿಂದ. ಹೆಸರು ನೀನೇ ಇಡು!"

ಸೊಸೆ ಅತ್ತಳು, ನಕ್ಕಳು.

ನೀವೂ ಪರದೇಶಕ್ಕೆ ಹೊರಟಿದ್ದೀರಾ? ದುಡ್ಡನ್ನು ಹಂಚಿ ಇಡಿ. ಎರಡು ಕಾರ್ಡು ಎರಡು ಕಡೆ ಇರಲಿ. ಪಿನ್ ಎಲ್ಲೂ ಬರೆಯಬೇಡಿ, ಬ್ಯಾಂಕಿನ ನಂಬರು ಮೈಮೇಲೇ ಇರಲಿ. ಹೊರಡುವ ಮೊದಲು ನಿಮ್ಮ ಬ್ಯಾಂಕಿಗೆ ಒಮ್ಮೆ ಹೋಗಿ ಕೇಳಿ. ಆ ದೇಶದಲ್ಲಿ ನಿಮಗಾಗಿ ಯಾರೋ ಕಾಯುತ್ತಿದ್ದಾರೆ, ನೀವು ದಾರಿಯಲ್ಲಿ ನಿಲ್ಲಬಾರದು.