ಬಾಗಿಲ ಮೊಳೆ

ಅಮೆರಿಕದ ವರ್ಮಾಂಟಿನ ಒಂದು ಹಳೆಯ ತೋಟದ ಮನೆಯಲ್ಲೇ ಹುಟ್ಟಿದ ವಿಲ್ಮಾ, ಅದು ಮಾರಿಹೋಗಿ ವಸ್ತುಸಂಗ್ರಹಾಲಯವಾದ ಮೇಲೆ ಅಲ್ಲಿಯೇ ಸಂಬಳಕ್ಕೆ ನಿಂತಳು. ಇನ್ನೂರು ವರ್ಷದ ಹಿಂದಿನವರ ಹಾಗೆ ಉದ್ದ ಗೌನು ತೊಟ್ಟು, ತನ್ನ ಅಡುಗೆಮನೆಯನ್ನೇ ಬಂದವರಿಗೆ ತೋರಿಸುವುದು ಕೆಲಸ. ತನ್ನ ಮನೆಗೆ ತಾನೇ ಆಳು! ಡಿಸೆಂಬರ್ ಬಂದಾಗ, ಅಮ್ಮ ಕ್ರಿಸ್‌ಮಸ್ಸಿಗೆ ಕಟ್ಟುತ್ತಿದ್ದ ಹಾಗೆ ಫರ್ ಮರದ ಹಸಿರು ಕುಡಿಗಳ ದುಂಡು ಹಾರ ಕಟ್ಟಿ, ಅಮ್ಮ ಹೊಡೆದಿದ್ದ ಮೊಳೆಗೇ ಬಾಗಿಲಲ್ಲಿ ತೂಗುಹಾಕಿದಳು.

ಮ್ಯಾನೇಜರ್ ಕರ್ಟಿಸ್ ಓಡಿಬಂದ. "ಅಯ್ಯೋ ವಿಲ್ಮಾ ಅವ್ರೇ, ತೆಗೀರಿ! ನಾವು ತೋರಿಸ್ತಿರೋ ಕಾಲದಲ್ಲಿ ಈ ಕಡೆ ಯಾರೂ ಕ್ರಿಸ್‌ಮಸ್ಸೇ ಮಾಡ್ತಿರ್ಲಿಲ್ಲ."

"ನಮ್ಮಮ್ಮ ಹಾಕ್ತಿದ್ಲಲ್ಲಪ್ಪಾ, ಇದೇ ಬಾಗಿಲಿಗೆ."

"ನಿಮ್ಮಮ್ಮ ಮೊನ್ನೆಮೊನ್ನೆಯವ್ರು. ಅದೆಲ್ಲ ಇತಿಹಾಸ ಅಲ್ಲ," ಎಂದವನು ಹಾರ ಇಳಿಸಿ, ಮೊಳೆಯನ್ನೂ ಕಿತ್ತು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಮನೆ ನೋಡಲು ಬಂದ ಹೆಂಗಸೊಬ್ಬಳು ಬಾಗಿಲ ತೂತಿನ ಮೇಲೆ ಬೆರಳಾಡಿಸಿ, "ಇಲ್ಲಿ ಹಾರ ಹಾಕ್ತಿದ್ರಾ?" ಎಂದು ಕೇಳಿದಳು.

ಕರ್ಟಿಸ್ ಗೋಡೆಗೊರಗಿ ನೋಡುತ್ತಿದ್ದ. ವಿಲ್ಮಾಳ ಬೆರಳುಗಳಿಂದ ಫರ್ ಮರದ ಅಂಟು ಇನ್ನೂ ಹೋಗಿರಲಿಲ್ಲ. ಕೈಗಳನ್ನು ಏಪ್ರನ್ನಿನೊಳಗೆ ಮುಚ್ಚಿಕೊಂಡಳು.

"ಇಲ್ಲಮ್ಮ," ಎಂದಳು. "ಈ ಮನೇಲಿ ಯಾರೂ ಯಾವತ್ತೂ ಹಾಕಿದ್ದಿಲ್ಲ."