ಪೂಜೆಗಿಟ್ಟ ಯಂತ್ರ

ಬೈಲಹೊಂಗಲದ ಆ ಕಾಲೇಜಿನ ಲ್ಯಾಬಿನಲ್ಲಿ ಕಾಂಕ್ರೀಟು ಒಡೆಯುವ ಯಂತ್ರವೊಂದಿತ್ತು. ಬಂದ ದಿನದಿಂದ ಅದು ಮಾಡಿದ ಕೆಲಸವೆಂದರೆ ಪೂಜೆ ಮಾಡಿಸಿಕೊಂಡದ್ದು. ಪ್ರತಿ ದಸರೆಯ ಖಂಡೇಪೂಜೆಗೆ ವಿಭಾಗದ ಮುಖ್ಯಸ್ಥರಾದ ಅಮೋಘಸಿದ್ದಪ್ಪ ಸರ್ ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಿದ್ದರು. ಆ ಯಂತ್ರದೆದುರು ಒಡೆದದ್ದೆಂದರೆ ಆ ತೆಂಗಿನಕಾಯಿಯಷ್ಟೇ. ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಧೂಳು ಕೂಡುತ್ತದೆ, ಕರೆಂಟು ಕೊಟ್ಟರೆ ಕೆಡುತ್ತದೆ, ಕೆಟ್ಟರೆ ಮ್ಯಾನೇಜಮೆಂಟಿಗೆ ಯಾರು ಉತ್ತರ ಕೊಡಬೇಕು ಎಂಬುದು ಸರ್ ವಾದ. ಇವರು ಕಲಿಸುತ್ತಿದ್ದದ್ದು ಕಟ್ಟಡ ನಿರ್ಮಾಣ!

ಸುರೇಬಾನದಿಂದ ಓದಲು ಬಂದಿದ್ದ ಮಹಾನಂದಾಳಿಗೆ ಇದನ್ನು ನೋಡಿ ಮೈ ಉರಿಯುತ್ತಿತ್ತು. ಕಾಂಕ್ರೀಟಿನ ಕ್ಯೂಬು ಎರಕ ಹೊಯ್ದು, ನೀರಿನಲ್ಲಿ ನೆನೆಯಿಟ್ಟು, ಗಟ್ಟಿಯಾದ ಮೇಲೆ ಯಂತ್ರಕ್ಕೆ ಕೊಡಬೇಕು. ಎಷ್ಟು ಭಾರಕ್ಕೆ ಅದು ಒಡೆಯಿತು ಅನ್ನುವುದರ ಮೇಲೆ ಕಾಂಕ್ರೀಟಿನ ತಾಕತ್ತು ತಿಳಿಯುತ್ತದೆ. ಪುಸ್ತಕ ಹೇಳುವುದು ಇಷ್ಟು. ಸರ್ ಮಾತ್ರ ಸೀದಾ ಬೋರ್ಡಿನ ಮೇಲೆ ಅಂಕಿ ಬರೆದು, "ಬರಕೋರಿ" ಅನ್ನುತ್ತಿದ್ದರು. ಇಡೀ ಕ್ಲಾಸಿನ ಕ್ಯೂಬುಗಳು ವರ್ಷಾವರ್ಷ ಒಂದೇ ಭಾರಕ್ಕೆ ಒಡೆಯುತ್ತಿದ್ದವು, ಅದೂ ಹೊದಿಕೆಯೊಳಗಿನ ಯಂತ್ರದಲ್ಲಿ. ಮಹಾನಂದಾ ಹಲ್ಲು ಕಚ್ಚಿಕೊಂಡು ಬರೆದುಕೊಳ್ಳುತ್ತಿದ್ದಳು. ಅವಳ ಸಹಪಾಠಿ ಬಾಳೇಶ ಆ ಸುಳ್ಳಿಗೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆದು ಸರ್ ಕಡೆಯಿಂದ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದ.

ಕೊನೆಯ ಸೆಮಿಸ್ಟರಿನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಸೈಟಿಗೆ ಒಬ್ಬರನ್ನು ಆರಿಸಲು ಬರುವ ಸುದ್ದಿ ಬಂತು. ಕೆಲಸ ಸುರೇಬಾನದಲ್ಲೇ, ಊರಿಗೆ ನೀರಿನ ದೊಡ್ಡ ಟಾಕಿ ಕಟ್ಟುವುದು. ಮಹಾನಂದಾಳ ಅಪ್ಪ ಹಣಮಂತಪ್ಪ ಫೋನಿನಲ್ಲಿ ಖಡಾಖಂಡಿತ ಹೇಳಿದ್ದ: "ಊರಾಗ ನೌಕರಿ ಸಿಕ್ರ ಮಾಡು. ಪುಣೆ, ಮುಂಬೈ ಅಂತ ನಾ ಕಳಸೂದಿಲ್ಲ. ದೇಗಾಂವದವ್ರು ನಿನ್ನ ನೋಡಾಕ ಬರತೇವಂದಾರ." ಈ ಟಾಕಿ ಕೈತಪ್ಪಿದರೆ ಅವಳ ಓದೆಲ್ಲ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಅಚ್ಚಾಗುವುದಕ್ಕಷ್ಟೇ ಬರುತ್ತಿತ್ತು.

ಗುತ್ತಿಗೆದಾರರು ಬಂದರು. ಸರ್ ಅವರಿಗೊಂದು, ಯಂತ್ರಕ್ಕೊಂದು ಹೊಸ ಮಾಲೆ ಹಾಕಿದರು. ಗುತ್ತಿಗೆದಾರರು ಉಳಿದವರನ್ನೆಲ್ಲ ಕಳಿಸಿ, ಕೊನೆಗೆ ಬಾಳೇಶ, ಮಹಾನಂದಾ ಇಬ್ಬರನ್ನು ಲ್ಯಾಬಿನಲ್ಲಿ ನಿಲ್ಲಿಸಿಕೊಂಡರು.

"ಕ್ಯೂಬ್ ಟೆಸ್ಟ್ ನೀವ ಮಾಡೀರೇನು?" ಎಂದು ಕೇಳಿದರು ಗುತ್ತಿಗೆದಾರರು.

"ಹೌದ್ರಿ ಸರ್, ಇದ ಮಷೀನಿನ್ಯಾಗ. ಭಾಳ ಸಲ ಮಾಡೇವ್ರಿ," ಎಂದ ಬಾಳೇಶ, ಪ್ಲಾಸ್ಟಿಕ್ಕಿನ ಮೇಲೆ ಪ್ರೀತಿಯಿಂದ ಕೈಯಾಡಿಸುತ್ತ. ಬೋರ್ಡಿನ ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿದ.

ಗುತ್ತಿಗೆದಾರರು ಬಗ್ಗಿ ಯಂತ್ರದ ಹಿಂದೆ ನೋಡಿದರು. ವಾಯರು ಕಂಪನಿಯವರು ಕಟ್ಟಿ ಕಳಿಸಿದ ಸುರುಳಿಯಲ್ಲೇ ಇತ್ತು. ಸಿಕ್ಕಿಬಿದ್ದ ಭೂಪ, ಎಂದು ಮಹಾನಂದಾ ಒಳಗೊಳಗೇ ಹಿಗ್ಗಿದಳು.

"ನೀ ಹೇಳವ್ವಾ."

"ನಾವ್ಯಾರೂ ಒಂದ ಕ್ಯೂಬನೂ ಒಡದಿಲ್ರಿ. ಸರ್ ಬೋರ್ಡಿನ ಮ್ಯಾಲೆ ಬರದದ್ದು ಬರಕೊಂಡೇವಿ. ನಾನೂ ಬರಕೊಂಡೇನಿ. ಈಗ ಮಷೀನ್ ಚಾಲೂ ಮಾಡಿ ಕೊಡ್ರಿ, ಮಾಡಿ ತೋರಸ್ತೇನಿ."

ಅಮೋಘಸಿದ್ದಪ್ಪ ಸರ್ ಮುಖ ಕಪ್ಪಿಟ್ಟಿತು. ಗುತ್ತಿಗೆದಾರರು ಹೊಟ್ಟೆ ಕುಣಿಯುವಂತೆ ನಕ್ಕರು. ಗೆದ್ದೆ ಎಂದುಕೊಂಡು ಅವಳೂ ನಕ್ಕಳು, ಪೆದ್ದಿ.

"ಹುಷಾರ್ ಅದಿ ತಂಗಿ," ಎಂದರು ಅವರು. "ಆದ್ರ ನಮ್ಮ ಸೈಟಿನ್ಯಾಗ ಕ್ಯೂಬ್ ಒಡಕೋತ ಕುಂಡ್ರಾಕ ಪುರಸೊತ್ತಿಲ್ಲ. ವಾಯರ್ ಹಚ್ಚದ ಮಷೀನಿನ ಮುಂದ ನಿಂತು ಇಷ್ಟು ಠೀಕಾಗಿ ಅಂಕಿ ಹೇಳ್ತಾನಲ್ಲ, ನಮಗ ಇಂಥಾ ಹುಡುಗ ಬೇಕು."

ಹೋದ ಜೀವ ಬಂದಂತಾಗಿ ಸರ್, "ನಮ್ಮಲ್ಲಿ ಪ್ರಾಕ್ಟಿಕಲ್ ಮ್ಯಾಲೇ ಜೋರ್ರಿ!" ಎಂದರು.

ಮಹಾನಂದಾ ಹೊರಗೆ ಬಂದು ಮೆಟ್ಟಿಲ ಮೇಲೆ ಕುಂತಳು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಆ ನೀರಿನ ಮೇಲೂ ಅವಳಿಗೆ ಸಿಟ್ಟು ಬಂತು. ಸ್ವಲ್ಪ ಹೊತ್ತಿಗೆ ಬಾಳೇಶ ಪೇಡೆಯ ಡಬ್ಬಿ ಹಿಡಿದು ಬಂದ.

"ತಗೋ. ಬ್ಯಾಸರ ಮಾಡಕೋಬ್ಯಾಡ. ನಿಮ್ಮೂರ ಟಾಕಿ ಚಲೋ ಕಟ್ಟಸ್ತೇನಿ."

"ಎಲ್ಲಿ ಕಟ್ಟತಾರಂತ?"

"ಹನುಮಪ್ಪನ ಗುಡಿ ಹಿಂದ."

ಅವಳು ಕಣ್ಣೊರೆಸಿಕೊಂಡಳು. "ಹಂಗಾದ್ರ ನಾ ದಿನಾ ಬರತೇನಿ. ದೇಗಾಂವದವ್ರೂ ನನ್ನ ಅಲ್ಲೇ ಬಂದು ನೋಡಕೊಂಡು ಹೋಗ್ಲಿ. ನೀ ಹಾಕೋ ಒಂದೊಂದು ಬುಟ್ಟಿ ಕಾಂಕ್ರೀಟೂ ನನ್ನ ಕಣ್ಣಮುಂದ ಬೀಳಬೇಕು. ಕ್ಯೂಬ್ ಎಲ್ಲಿ ಒಡದಿ ಅಂತ ಊರ ಮಂದಿ ಮುಂದ ಕೇಳ್ತೇನಿ."

"ಯಾಕ? ನೌಕರಿ ನಂಗ ಸಿಕ್ಕೈತಿ," ಎಂದು ನಕ್ಕ ಬಾಳೇಶ.

"ಗುಡಿ ಹಿಂದ ನಮ್ಮ ಮನಿ ಐತಿ, ಬಾಳೇಶ. ಟಾಕಿ ಬಿದ್ರ ನಮ್ಮವ್ವನ ಮ್ಯಾಲ ಬೀಳ್ತೈತಿ."

ಬಾಳೇಶ ಪೇಡೆಯ ಡಬ್ಬಿ ಮುಚ್ಚಿಕೊಂಡು ಅಲ್ಲೇ ನಿಂತ.